ಎತ್ತು ಅಳೆದ ಏರು, ಸೈಕಲ್ ಹಿಡಿದ ದಾರಿ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ‘ಬೀಸೆಕಲ್ಲು’ ನೆನಪಿರಲೇಬೇಕು. 1967ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಾಲ 19ನೇ ಶತಮಾನದ ಕೊನೆಯ ದಶಕ. ಪಾದ್ರಿಯೊಬ್ಬರ ಜೊತೆ ಮಲೆನಾಡಿನ ಹಳ್ಳಿಗೆ ಬಂದ ಬೈಸಿಕಲ್ಲು ಜನರ ಬಾಯಲ್ಲಿ ಬೀಸೆಕಲ್ಲಾಗುತ್ತದೆ. ಗಾಳಿ ತುಂಬಿದ ರಬ್ಬರ್ ಟೈರನ್ನು ಡನ್‌ಲಪ್ ರೂಪಿಸಿದ್ದು 1888ರಲ್ಲಿ. ಅದಾಗಿ ಕೆಲವೇ ವರ್ಷಗಳಲ್ಲಿ ಸೈಕಲ್ ಮಲೆನಾಡಿನ ಕಾಡಿನ ದಾರಿಗೆ ಇಳಿಯಿತೆಂದರೆ ಅಚ್ಚರಿಯಲ್ಲವೇ?

ಆದರೆ ಬೆಟ್ಟಗುಡ್ಡದ ನಾಡಿನಲ್ಲಿ ಸೈಕಲ್ಲಿಗೆ ಏನು ಕೆಲಸ? ಬಯಲುಸೀಮೆಯವರು ಈ ಪ್ರಶ್ನೆ ಕೇಳುವುದು ಸಹಜ. ಉತ್ತರ ಬೇಕಿದ್ದರೆ ಆಗುಂಬೆ ಘಾಟಿಯನ್ನು ಒಮ್ಮೆ ಸೈಕಲ್ಲಿನಲ್ಲಿ ಹತ್ತಬೇಕು.

ಉಡುಪಿ ಕಡೆಯಿಂದ ಬಂದರೆ ಹೆಬ್ರಿ ದಾಟಿದ ಮೇಲೆ ಸೋಮೇಶ್ವರ. ಅಲ್ಲಿಂದ ಆಗುಂಬೆಗೆ ಸುಮಾರು 10 ಕಿಲೋಮೀಟರ್. ಇಷ್ಟರಲ್ಲಿ ರಸ್ತೆ 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತದೆ. ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಕೆಳಗೆ ಸೀತಾ ನದಿಯ ಕಣಿವೆ, ಕಾಡು. ನೆತ್ತಿ ತಲುಪಿದರೆ ಇನ್ನೊಂದು ಲೋಕ. ಪಡುವಣಕ್ಕೆ ಬಿದ್ದ ಮಳೆ ಸೀತೆಯನ್ನು ಸೇರಿ ಹತ್ತಿರದ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಬಿದ್ದ ಮಳೆ ತುಂಗೆ, ತುಂಗಭದ್ರೆ, ಕೃಷ್ಣೆಯರ ಜೊತೆ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಈ ಹಂಚಿಕೆ ಸಣ್ಣದಲ್ಲ.

ಘಾಟಿಯ ರಸ್ತೆ ಹೀಗೇಕೆ ಸುತ್ತಿ ಸುತ್ತಿ ಹೋಗುತ್ತದೆ? ಕಾಲುದಾರಿಯಲ್ಲಿ ಬರುವ ಮನುಷ್ಯ ಕಡಿದಾದ ಜಾಡನ್ನೂ ಹತ್ತಬಲ್ಲ. ಹೇರು ಹೊತ್ತ ಎತ್ತೂ ಹತ್ತಬಲ್ಲದು. ಆದರೆ ಗಾಡಿ ಕಟ್ಟಿದ ಎತ್ತು ಹತ್ತಲಾರದು. ಕರಾವಳಿಯ ಉಪ್ಪು, ಒಣಮೀನು, ತೆಂಗು ಮೇಲೆ ಬರಬೇಕು. ಘಟ್ಟದ ಅಡಿಕೆ, ಮೆಣಸು, ಕಾಫಿ ಕೆಳಗೆ ಇಳಿಯಬೇಕು. 19ನೇ ಶತಮಾನದಲ್ಲಿ ಪಶ್ಚಿಮ ಘಟ್ಟದ ಹಳೆಯ ಜಾಡುಗಳು ಒಂದೊಂದಾಗಿ ಗಾಡಿರಸ್ತೆಗಳಾದವು. ಆಗ ಏರು ಎಷ್ಟಿರಬೇಕೆಂದು ನಿಶ್ಚಯಿಸಿದ್ದು ಎತ್ತಿನ ಶಕ್ತಿ. ಗುಡ್ಡದ ಎತ್ತರವನ್ನು ಕಡಿಮೆ ಮಾಡಲಾಗದು, ದಾರಿಯನ್ನು ಉದ್ದ ಮಾಡಬಹುದು. ಹೇರ್‌ಪಿನ್ ತಿರುವಿನ ಗುಟ್ಟು ಇಷ್ಟೇ.

ಸೈಕಲ್ ಸವಾರನ ಲೆಕ್ಕವೂ ಇದೇ. ಸವಾರ, ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳೋಣ. ಈ ಭಾರವನ್ನು 500 ಮೀಟರ್ ಎತ್ತುವ ಕೆಲಸ ಸುಮಾರು 94 ಕಿಲೋಕ್ಯಾಲರಿ. ನಮ್ಮ ದೇಹ ತಾನು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗವನ್ನು ಪೆಡಲಿಗೆ ಕೊಡಬಲ್ಲದು. ಅಂದರೆ ಘಾಟಿ ಹತ್ತಲು ಸುಮಾರು 400 ಕಿಲೋಕ್ಯಾಲರಿ ಸಾಕು. ಒಂದು ಹೊತ್ತಿನ ಒಳ್ಳೆಯ ತಿಂಡಿಯಷ್ಟು. ತಿಂಡಿ ತಿಂದ ಆರೋಗ್ಯವಂತನಿಗೆ ಶಕ್ತಿಯ ಕೊರತೆಯಿಲ್ಲ. ಕಷ್ಟವಿರುವುದು ಆ ಶಕ್ತಿಯನ್ನು ಎಷ್ಟು ಬೇಗ ಕೊಡಬೇಕಾಗುತ್ತದೆ ಎಂಬುದರಲ್ಲಿ.

ನಮ್ಮೂರುಗಳ ಸಾಮಾನ್ಯ ಸೈಕಲ್ಲಿಗೆ ಇರುವುದು ಒಂದೇ ಗೇರು. ಪೆಡಲ್ ಒಂದು ಸುತ್ತು ತಿರುಗಿದರೆ ಅದು ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲಿಗೆ ಇದು ಸೊಗಸು. ಆದರೆ 20 ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಪ್ರತಿ ಸುತ್ತಿಗೂ 80 ಕಿಲೋ ಭಾರವನ್ನು 25 ಸೆಂಟಿಮೀಟರ್ ಮೇಲಕ್ಕೆ ಎತ್ತಬೇಕು. ಅದೂ ಸಾವಿರಾರು ಸುತ್ತು. ಹೇರ್‌ಪಿನ್ ತಿರುವಿನ ಒಳಮಗ್ಗುಲು ಇನ್ನೂ ಕಡಿದು, ಏಕೆಂದರೆ ಅಲ್ಲಿ ಅದೇ ಎತ್ತರವನ್ನು ಕಡಿಮೆ ದೂರದಲ್ಲಿ ಏರಬೇಕು. ಹೊರಮಗ್ಗುಲು ಹಗುರ, ಆದರೆ ಎದುರಿನಿಂದ ಇಳಿದು ಬರುವ ಬಸ್ಸಿಗೂ ಅದೇ ಜಾಗ ಬೇಕು. ಹೀಗಾಗಿ ಒಂಟಿ ಗೇರಿನ ಸವಾರ ಇಳಿದು ತಳ್ಳುತ್ತಾನೆ. ಪೆಡಲ್ ಸುತ್ತಿಗೆ ಎರಡೂವರೆ ಮೀಟರ್ ಮಾತ್ರ ಸಾಗುವ ಗೇರಿದ್ದರೆ ಎತ್ತಬೇಕಾದದ್ದು ಹನ್ನೆರಡೂವರೆ ಸೆಂಟಿಮೀಟರ್. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಕುಳಿತೇ ಹತ್ತಬಹುದು. ರಸ್ತೆಗೆ ತಿರುವು ಮಾಡುವ ಉಪಕಾರವನ್ನೇ ಸೈಕಲ್ಲಿಗೆ ಗೇರು ಮಾಡುತ್ತದೆ.

ಇಷ್ಟು ಸರಳವಾದ ವಿಷಯ ಒಪ್ಪಿಗೆಯಾಗಲು ಫ್ರಾನ್ಸಿನಲ್ಲಿ ದಶಕಗಳೇ ಬೇಕಾದವು. ಸೇಂಟ್ ಎಟಿಯೆನ್ ಎಂಬ ಗುಡ್ಡಗಾಡಿನ ಊರಿನ ಪಾಲ್ ದ ವೀವಿ (1853–1930) ಬೆಟ್ಟದ ದಾರಿಗಳಲ್ಲಿ ತಾನೇ ತುಳಿದು, ಹಲವು ಗೇರುಗಳ ಸೈಕಲ್ ಎಲ್ಲರಿಗೂ ಬೇಕೆಂದು ತನ್ನ ಪತ್ರಿಕೆಯಲ್ಲಿ ಬರೆದ. ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು 1903ರಲ್ಲಿ ಆರಂಭಿಸಿದ ಹೆನ್ರಿ ದೆಗ್ರಾಂಜ್‌ಗೆ ಇದು ಹಿಡಿಸಲಿಲ್ಲ. ಗೇರು ಬದಲಿಸುವುದು ವಯಸ್ಸಾದವರಿಗೆ, ಕಸುವಿಲ್ಲದವರಿಗೆ ಎಂಬುದು ಆತನ ನಿಲುವು. 1910ರಲ್ಲಿ ಸ್ಪರ್ಧೆ ಪಿರನೀಸ್ ಪರ್ವತದ 2,115 ಮೀಟರ್ ಎತ್ತರದ ತೂರ್ಮಲೆ ಕಣಿವೆದಾರಿಯನ್ನು ಹತ್ತಿತು. ಜಗತ್ತಿನ ಗಟ್ಟಿಗ ಸವಾರರೂ ಅಲ್ಲಿ ಇಳಿದು ಸೈಕಲ್ ತಳ್ಳಿದರು. ಆ ಸ್ಪರ್ಧೆಯಲ್ಲಿ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ!

ಆಗುಂಬೆಯ ನೆತ್ತಿಗೆ ಮರಳೋಣ. ಘಾಟಿ ಮುಗಿಯಿತು, ಇನ್ನು ಸಮತಟ್ಟು ಎಂದುಕೊಂಡರೆ ಮೋಸಹೋದಿರಿ. ಆಗುಂಬೆಯಿಂದ ಶೃಂಗೇರಿ, ಹರಿಹರಪುರ, ಕೊಪ್ಪ, ತೀರ್ಥಹಳ್ಳಿಗಳನ್ನು ಸುತ್ತಿ, ‘ಮದುಮಗಳು’ ಕಾದಂಬರಿಯಲ್ಲಿ ಬರುವ ಮೇಗರವಳ್ಳಿಯ ಮೇಲೆ ಮತ್ತೆ ಆಗುಂಬೆಗೆ ಬಂದರೆ ನೂರು ಕಿಲೋಮೀಟರ್ ಮೀರುತ್ತದೆ. ಶೃಂಗೇರಿಯಿಂದ ತೀರ್ಥಹಳ್ಳಿಗೆ ತುಂಗೆ ಇಳಿಯುವುದು ನೂರು ಮೀಟರಿನ ಆಸುಪಾಸು ಅಷ್ಟೇ. ಸವಾರ ಮಾತ್ರ ಅದರ ಹಲವು ಪಟ್ಟು ಹತ್ತಿ ಇಳಿಯುತ್ತಾನೆ. ಕಾರಣ, ಹೊಳೆಯ ಜೊತೆಗೆ ಸಾಗುವ ರಸ್ತೆ ಬೇರೆ, ಹಳ್ಳಗಳನ್ನು ಅಡ್ಡ ದಾಟುವ ರಸ್ತೆ ಬೇರೆ. ಹೊಳೆಯ ಮಗ್ಗುಲಿನ ರಸ್ತೆ ನೀರಿನಂತೆ ಸಾವಧಾನವಾಗಿ ಸಾಗುತ್ತದೆ. ಅಡ್ಡ ದಾಟುವ ರಸ್ತೆ ಪ್ರತಿ ಹಳ್ಳಕ್ಕೂ ಇಳಿದು, ಗದ್ದೆಬಯಲು ದಾಟಿ, ಅಡಿಕೆ ತೋಟದ ಅಂಚಿನಲ್ಲಿ ಮತ್ತೆ ದಿಣ್ಣೆ ಹತ್ತುತ್ತದೆ. ನಕ್ಷೆಯಲ್ಲಿ ದೂರವನ್ನಷ್ಟೇ ನೋಡಿ ಹೊರಟವರು ಸುಸ್ತಾಗುವುದು ಇಲ್ಲಿಯೇ. ಎಷ್ಟು ಹಳ್ಳ ಅಡ್ಡ ಬರುತ್ತವೆ ಎಂದು ಎಣಿಸಿದವರು ಜಾಣರು.

ಇಳಿಜಾರಿನದು ಇನ್ನೊಂದು ಕಥೆ. ಹತ್ತುವಾಗ ಕೂಡಿಟ್ಟ ಶಕ್ತಿಯ ಬಹುಪಾಲು ಇಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರ್ ಕಚ್ಚುವುದಿಲ್ಲ. ಮಂಜು ಕವಿದರೆ ತಿರುವೂ ಕಾಣದು. ಆದ್ದರಿಂದ ಈ ದಾರಿಗೆ ಮಳೆ ನಿಂತ ಮೇಲಿನ ತಿಂಗಳುಗಳೇ ಸರಿ, ಅದರಲ್ಲೂ ಬೆಳಗಿನ ಹೊತ್ತು.

ಇತ್ತೀಚಿನ ವರ್ಷಗಳಲ್ಲಿ ದುಬಾರಿ ಸೈಕಲ್ಲುಗಳ ತಂಡಗಳು ಘಟ್ಟಗಳಲ್ಲಿ ಕಾಣುತ್ತಿವೆ. 2008ರಲ್ಲಿ ಬೆಂಗಳೂರಿನವರು ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಮಸಿನಗುಡಿಯಿಂದ ಊಟಿಗೆ ಏರುವ 36 ತಿರುವುಗಳ ಕಲ್ಲಟ್ಟಿ ಘಾಟಿಯನ್ನು ಸವಾರರಲ್ಲಿ ಪ್ರಸಿದ್ಧಗೊಳಿಸಿತು. ಒಳ್ಳೆಯದೇ. ಆದರೆ ಬೆಟ್ಟದಲ್ಲಿ ದಿನವೂ ಸೈಕಲ್ ತುಳಿಯಬೇಕಾದವರು ಪ್ರವಾಸಿಗಳಲ್ಲ. ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಎಷ್ಟೋ ಹೆಣ್ಣುಮಕ್ಕಳನ್ನು ಶಾಲೆಗೆ ಹತ್ತಿರ ಮಾಡಿದ ಯೋಜನೆ ಅದು. ಬಯಲಿಗೂ ಮಲೆನಾಡಿಗೂ ಬಂದದ್ದು ಒಂದೇ ಬಗೆಯ, ಒಂದೇ ಗೇರಿನ ಸೈಕಲ್. ದಿಬ್ಬದ ಮೇಲಿನ ಶಾಲೆಗೆ ಬೆನ್ನಿನ ಚೀಲದ ಜೊತೆ ಸೈಕಲ್ಲನ್ನೂ ತಳ್ಳಿಕೊಂಡು ಹೋಗುವ ಮಗುವಿಗೆ ಗೇರು ಶೋಕಿಯೇ?

ರಸ್ತೆಯ ಮಾತೂ ಇದೆ. 2018ರ ಮಳೆಗೆ ಶಿರಾಡಿ ಘಾಟಿ, 2019ರ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತುಹೋಯಿತು. ರಸ್ತೆ ಅಗಲಿಸಲು, ತಿರುವು ನೇರ ಮಾಡಲು ಗುಡ್ಡದ ಬುಡವನ್ನು ಕಡಿದಷ್ಟೂ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ವೇಗದ ವಾಹನಗಳಿಗೆ ವೇಗದ ದಾರಿ ಬೇಕು, ನಿಜ. ಆದರೆ ಘಾಟಿಯ ತಿರುವುಗಳು ಕಟ್ಟಿದವರ ತಿಳಿಗೇಡಿತನವಲ್ಲ. ಎತ್ತಿನ ಉಸಿರನ್ನು ಅರಿತು ಹಾಕಿದ ಅಳತೆ ಅದು. ಆ ಎತ್ತಿನ ಗಾಡಿಗಳು ಇಂದು ಘಾಟಿಯಲ್ಲಿಲ್ಲ. ಅವುಗಳಿಗೆಂದು ಹದಗೊಳಿಸಿದ ಏರು ಇಂದು ಯಾರಿಗಾದರೂ ಸರಿಯಾಗಿ ಹೊಂದುವುದಾದರೆ, ಅದು ತನ್ನ ಕಾಲಿನ ಬಲವನ್ನೇ ನಂಬಿ ನಿಧಾನವಾಗಿ ಹತ್ತುವ ಸೈಕಲ್ ಸವಾರನಿಗೆ. ಅವನಿಗಾಗಿ ರಸ್ತೆಯ ಅಂಚಿನಲ್ಲಿ ಒಂದು ಮಾರು ಜಾಗ ಉಳಿಸಿದರೆ ಸಾಕು, ಬೀಸೆಕಲ್ಲು ಇನ್ನೂ ಬಹುಕಾಲ ಮಲೆನಾಡನ್ನು ಸುತ್ತುತ್ತಿರುತ್ತದೆ.