ಬ್ಲ್ಯಾಕ್ ಕ್ಯಾನಿಯನ್‌ಗೆ ಹೊತ್ತು ನೋಡಿ ಹೊರಡಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಇದ್ದೇ ಇರುತ್ತದೆ. ಕೊಲರಾಡೊ ರಾಜ್ಯದ ಬ್ಲ್ಯಾಕ್ ಕ್ಯಾನಿಯನ್ ಇರುವುದು ಅಪರೂಪ. ಅಲ್ಲಿಗೆ ಹೊರಟವರೂ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹಾಕಿದ ಲೆಕ್ಕವನ್ನೇ ಹಾಕುತ್ತಾರೆ: ಸೂರ್ಯೋದಯಕ್ಕೆ ಒಂದು ಜಾಗ, ಸೂರ್ಯಾಸ್ತಕ್ಕೆ ಇನ್ನೊಂದು, ನಡುವಿನ ಬಿಸಿಲು ಹೊತ್ತು ಊಟಕ್ಕೆ ಮತ್ತು ವಿಶ್ರಾಂತಿಗೆ. ಗನ್ನಿಸನ್ ನದಿ ಕೊರೆದ ಈ ಕಮರಿಯ ಮಟ್ಟಿಗೆ ಆ ಲೆಕ್ಕ ತಲೆಕೆಳಗಾಗಬೇಕು. ಸೂರ್ಯ ನೆತ್ತಿಗೆ ಬಂದಾಗ ಇಲ್ಲಿ ಅಂಚಿನಲ್ಲಿ ನಿಂತಿರಬೇಕು. ಆ ಒಂದೆರಡು ಗಂಟೆಯನ್ನು ಮೊದಲು ಗಟ್ಟಿಮಾಡಿಕೊಂಡು, ಉಳಿದ ದಿನವನ್ನು, ಸಾಧ್ಯವಾದರೆ ಹೋಗುವ ತಿಂಗಳನ್ನೂ, ಅದಕ್ಕೆ ಹೊಂದಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಕಮರಿಯ ಆಕಾರದಲ್ಲೇ ಇದೆ. ಗ್ರ್ಯಾಂಡ್ ಕ್ಯಾನಿಯನ್ನಿನ ಆಳ ಸುಮಾರು 1.6 ಕಿಲೋಮೀಟರ್, ಆದರೆ ಅಗಲ ಕೆಲವೆಡೆ 29 ಕಿಲೋಮೀಟರಿನವರೆಗೂ ಹೋಗುತ್ತದೆ. ಅಷ್ಟು ಬಾಯಿ ತೆರೆದ ಕಣಿವೆಗೆ ಬೆಳಗಿನ, ಸಂಜೆಯ ಓರೆ ಬಿಸಿಲು ಧಾರಾಳವಾಗಿ ಇಳಿಯುತ್ತದೆ. ಬ್ಲ್ಯಾಕ್ ಕ್ಯಾನಿಯನ್ನಿನ ಚಾಸಮ್ ವ್ಯೂ ಎಂಬಲ್ಲಿ ಆಳ ಸುಮಾರು 555 ಮೀಟರ್ ಇದ್ದರೆ, ಅಂಚಿನಿಂದ ಅಂಚಿಗೆ ಸುಮಾರು 335 ಮೀಟರ್ ಮಾತ್ರ. ಅಗಲಕ್ಕಿಂತ ಆಳವೇ ಹೆಚ್ಚು. ತಳದಲ್ಲಿ ನದಿ ತೀರಾ ಇಕ್ಕಟ್ಟಾಗುವ ಕಡೆ ದಡದಿಂದ ದಡಕ್ಕೆ ಹನ್ನೆರಡೇ ಮೀಟರ್. ಕಮರಿಯ ಕೆಲವು ಭಾಗಗಳಿಗೆ ದಿನಕ್ಕೆ 33 ನಿಮಿಷವಷ್ಟೇ ಬಿಸಿಲು ತಾಗುತ್ತದೆ ಎಂದು ರಾಷ್ಟ್ರೀಯ ಉದ್ಯಾನದವರು ಹೇಳುತ್ತಾರೆ. ಕಪ್ಪು ಕಮರಿ ಎಂಬ ಹೆಸರು ಬಂದದ್ದೂ ಈ ನೆರಳಿನಿಂದಲೇ.

ಇಷ್ಟು ಕಿರಿದಾಗಿ ಇಷ್ಟು ಆಳಕ್ಕೆ ನದಿ ಇಳಿದದ್ದು ಹೇಗೆ? ಶುರುವಿನಲ್ಲಿ ಗನ್ನಿಸನ್ ಹರಿಯುತ್ತಿದ್ದದ್ದು ಸುತ್ತಲಿನ ಜ್ವಾಲಾಮುಖಿಗಳು ಉಗುಳಿದ ಮೆದು ಪದರಗಳ ಮೇಲೆ. ಅವನ್ನು ಕೊರೆದು ಅಡಿಯ ಗಟ್ಟಿ ಬಂಡೆಯನ್ನು ಮುಟ್ಟುವ ಹೊತ್ತಿಗೆ ಪಾತ್ರ ಬದಲಿಸಲಾಗದಷ್ಟು ಆಳಕ್ಕೆ ಅದು ಸಿಕ್ಕಿಬಿದ್ದಿತ್ತು. ಆ ಬಂಡೆ ಸುಮಾರು 170 ಕೋಟಿ ವರ್ಷ ಹಳೆಯ ನೈಸ್ ಮತ್ತು ಶಿಸ್ಟ್. ಸುಮಾರು 20 ಲಕ್ಷ ವರ್ಷಗಳಿಂದ ನದಿ ಅದನ್ನು ನೂರು ವರ್ಷಕ್ಕೆ ಒಂದಿಂಚಿನ ಲೆಕ್ಕದಲ್ಲಿ ತೇಯುತ್ತ ಬಂದಿದೆ. ಇಳಿಜಾರೂ ಅಸಾಮಾನ್ಯ: ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಕೊಲರಾಡೊ ನದಿ ಕಿಲೋಮೀಟರಿಗೆ ಒಂದೂವರೆ ಮೀಟರಿನಷ್ಟೂ ಇಳಿಯುವುದಿಲ್ಲ, ಈ ಉದ್ಯಾನದೊಳಗೆ ಗನ್ನಿಸನ್ ಸರಾಸರಿ 18 ಮೀಟರ್ ಇಳಿಯುತ್ತದೆ. ಕಡಿದಾಗಿ ಧುಮುಕುವ ನದಿ ಆಳಕ್ಕೆ ಕೊರೆಯಿತು. ಗೋಡೆಗಳನ್ನು ಅಗಲಿಸಬಲ್ಲ ದೊಡ್ಡ ಉಪನದಿಗಳು ಇಲ್ಲಿ ಇರಲಿಲ್ಲ, ಬಂಡೆಯೂ ಸುಲಭಕ್ಕೆ ಕುಸಿಯುವಂಥದ್ದಲ್ಲ. ಹೀಗಾಗಿ ಕೊಡಲಿಯಿಂದ ಕಡಿದ ಕಚ್ಚಿನಂತೆ ಕಮರಿ ಉಳಿದುಕೊಂಡಿತು. ಅದರ ತಳಕ್ಕೆ ಬೆಳಕು ಹೋಗಬೇಕಾದರೆ ಮೇಲಿನಿಂದಲೇ ಹೋಗಬೇಕು.

ದಕ್ಷಿಣ ಅಂಚಿನಿಂದ ಎದುರಿಗೆ ಕಾಣುವ ಪೇಂಟೆಡ್ ವಾಲ್ ಎಂಬ ಗೋಡೆಯನ್ನೇ ನೋಡಿ. ಕೊಲರಾಡೊದ ಅತಿ ಎತ್ತರದ ಬಂಡೆಗೋಡೆ ಅದು, ಸುಮಾರು 686 ಮೀಟರ್. ಜೋಗದ 253 ಮೀಟರನ್ನು ಎರಡೂವರೆ ಬಾರಿ ಒಂದರ ಮೇಲೊಂದು ಪೇರಿಸಿದರೂ ಇನ್ನೂ ಐವತ್ತು ಮೀಟರ್ ಮಿಗುತ್ತದೆ. ನೆರಳಲ್ಲಿ ಅದೊಂದು ಕರಿಯ ರಾಶಿ, ಅಷ್ಟೇ. ಬಿಸಿಲು ಬಿದ್ದಾಗ ಕಪ್ಪು ಬಂಡೆಯ ಉದ್ದಗಲಕ್ಕೂ ತಿಳಿಗುಲಾಬಿ ಪಟ್ಟೆಗಳು ಎದ್ದು ಕಾಣುತ್ತವೆ. ಕೆಲವು ನೆಟ್ಟಗಿವೆ, ಕೆಲವು ಹಾವಿನಂತೆ ಹೊರಳಿ ಕವಲೊಡೆದಿವೆ. ಭೂಮಿಯ ಆಳದಲ್ಲಿ ಕಾದ ಶಿಲಾರಸ ಹಳೆಯ ಬಂಡೆಯ ಬಿರುಕುಗಳಿಗೆ ನುಗ್ಗಿ, ನಿಧಾನವಾಗಿ ತಣಿದು, ದಪ್ಪ ಹರಳುಗಳ ಪೆಗ್ಮಟೈಟ್ ಆಯಿತು. ಗುಲಾಬಿ ಬಣ್ಣ ಅದರೊಳಗಿನ ಫೆಲ್ಡ್‌ಸ್ಪಾರ್‌ನದು, ನಡುನಡುವೆ ಮಿನುಗುವುದು ಅಭ್ರಕ. ಬಂಡೆಯಲ್ಲೇ ಬರೆದಿಟ್ಟಿರುವ ಈ ಇತಿಹಾಸವನ್ನು ಓದಲು ಬೇರೇನೂ ಬೇಡ, ಬೆಳಕು ಬೇಕು.

ನಡುಹಗಲು ಎಂದ ಮಾತ್ರಕ್ಕೆ ಗಡಿಯಾರದ ಹನ್ನೆರಡು ಗಂಟೆಯಲ್ಲ. ಬೇಸಿಗೆಯಲ್ಲಿ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಸುಮಾರು ಒಂದೂಕಾಲಿಗೆ. ತಿಂಗಳೂ ಮುಖ್ಯ. ಜೂನ್ ಕೊನೆಯಲ್ಲಿ ಸೂರ್ಯ ದಿಗಂತದಿಂದ 75 ಡಿಗ್ರಿ ಮೇಲೆ ಬರುತ್ತಾನೆ. ಡಿಸೆಂಬರಿನಲ್ಲಿ 28 ಡಿಗ್ರಿ ದಾಟುವುದಿಲ್ಲ, ನಡುಮಧ್ಯಾಹ್ನವೂ ಕಮರಿಯ ಒಳಗೆ ನೆರಳೇ. ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಮೋಡ ಕಟ್ಟುವುದು ಸಾಮಾನ್ಯ, ಮೋಡ ಕಪ್ಪಿಟ್ಟರೆ ಅಂಚಿನಲ್ಲಿ ನಿಲ್ಲುವಂತಿಲ್ಲ. ಈ ಎಲ್ಲವನ್ನೂ ತೂಗಿ ನೋಡಿದರೆ ನನ್ನ ಒಲವು ಜೂನ್ ತಿಂಗಳಿಗೆ. ಮಳೆ ಕಡಿಮೆ, ಸೂರ್ಯ ಎತ್ತರ, ಮಲೆಗಳ ಹಿಮ ಕರಗಿದ ನೀರಿನಿಂದ ನದಿಗೂ ಕಸುವು. ಮೇಲ್ಗಡೆ ಬ್ಲೂ ಮೆಸಾ, ಮೊರೊ ಪಾಯಿಂಟ್, ಕ್ರಿಸ್ಟಲ್ ಎಂಬ ಮೂರು ಅಣೆಕಟ್ಟುಗಳು ಹರಿವನ್ನು ತಗ್ಗಿಸಿದ್ದರೂ ನದಿಯ ಮೊರೆತ ಅಂಚಿನವರೆಗೆ ಕೇಳಿಸುತ್ತದೆ.

ಛಾಯಾಗ್ರಾಹಕರು ಇದನ್ನು ಒಪ್ಪಲಿಕ್ಕಿಲ್ಲ. ನೆತ್ತಿಯ ಬಿಸಿಲು ಚಿತ್ರವನ್ನು ಸಪ್ಪೆ ಮಾಡುತ್ತದೆ, ಬಣ್ಣ ಬರುವುದು ಓರೆ ಬೆಳಕಿನಲ್ಲಿ ಎನ್ನುತ್ತಾರೆ. ಬಯಲು ಕಣಿವೆಗಳಿಗೆ ಅದು ನಿಜವೇ. ಆದರೆ ಇಲ್ಲಿ ಓರೆ ಬೆಳಕು ಗೋಡೆಯ ತುದಿಯನ್ನಷ್ಟೇ ಸವರುತ್ತದೆ, ಆಳವೆಲ್ಲ ಕತ್ತಲೆಗೆ ಬೀಳುತ್ತದೆ. ಬಂದದ್ದು ಆ ಆಳವನ್ನು ನೋಡಲೆಂದೇ ಅಲ್ಲವೆ? ಸಂಜೆಗೆ ಸನ್‌ಸೆಟ್ ವ್ಯೂ ಇದೆ, ಕಾರಿನಿಂದ ಹೆಚ್ಚು ನಡೆಯಬೇಕಿಲ್ಲ, ಅದನ್ನು ಬಿಡಿ ಎಂದು ಹೇಳುತ್ತಿಲ್ಲ. ವಯಸ್ಸಾದವರಿಗೆ ನಡುಹಗಲು ಕಷ್ಟ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಂಚು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಸೆಕೆ ಅಷ್ಟಿಲ್ಲದಿದ್ದರೂ ಬಿಸಿಲು ಚುರುಕು, ಉಸಿರು ಬೇಗ ಏರುತ್ತದೆ. ಅದಕ್ಕೆ ಪರಿಹಾರ ಹೊತ್ತನ್ನು ಬದಲಿಸುವುದಲ್ಲ, ನಿಲ್ದಾಣಗಳನ್ನು ಕಡಿಮೆ ಮಾಡುವುದು. ಸುಮಾರು 11 ಕಿಲೋಮೀಟರಿನ ದಕ್ಷಿಣ ಅಂಚಿನ ರಸ್ತೆಯಲ್ಲಿ ಹನ್ನೆರಡು ವ್ಯೂ ಪಾಯಿಂಟ್‌ಗಳಿವೆ. ಹನ್ನೆರಡಕ್ಕೂ ಹತ್ತಿ ಇಳಿದರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಬೆಳಿಗ್ಗೆ ಮಾಹಿತಿ ಕೇಂದ್ರದ ಹಿಂದಿನ ಗನ್ನಿಸನ್ ಪಾಯಿಂಟ್, ನಡುಹಗಲಿಗೆ ಅಕ್ಕಪಕ್ಕದಲ್ಲೇ ಇರುವ ಚಾಸಮ್ ವ್ಯೂ ಮತ್ತು ಪೇಂಟೆಡ್ ವಾಲ್. ಇಷ್ಟಾದರೆ ಮನೆಮಂದಿಗೆಲ್ಲ ಸಾಕು. ಕಾಲಿನಲ್ಲಿ ಬಲವಿದ್ದವರು ರಸ್ತೆ ಮುಗಿಯುವ ಹೈ ಪಾಯಿಂಟ್‌ನಿಂದ ವಾರ್ನರ್ ಪಾಯಿಂಟ್‌ಗೆ ಹೋಗಿ ಬರಬಹುದು, ಒಟ್ಟು ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ. ಅಲ್ಲಿ ಆಳ ಸುಮಾರು 830 ಮೀಟರ್, ಉದ್ಯಾನದಲ್ಲೇ ಹೆಚ್ಚು. ನೀರು, ತಿಂಡಿ, ಪೆಟ್ರೋಲ್ ಎಲ್ಲ ಮಾಂಟ್ರೋಸ್ ಊರಿನಲ್ಲೇ ತುಂಬಿಸಿಕೊಳ್ಳಿ. ಎಲ್ಲ ಕಡೆಯೂ ಕಂಬಿಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಉತ್ತರ ಅಂಚನ್ನೂ ಅದೇ ದಿನ ಮುಗಿಸೋಣ ಎಂಬ ಆಸೆ ಸಹಜ, ಎದುರಿಗೇ ಕಾಣುತ್ತದಲ್ಲ. ಆದರೆ ನಡುವೆ ಸೇತುವೆಯಿಲ್ಲ, ಸುತ್ತಿ ಹೋಗಲು ಎರಡು ಮೂರು ಗಂಟೆ ಬೇಕು, ಅಲ್ಲಿನ ಅಂಚಿನ ರಸ್ತೆ ಜಲ್ಲಿಯದು, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹೋದರೆ ಅಮೂಲ್ಯವಾದ ನಡುಹಗಲು ಕಾರಿನೊಳಗೇ ಕಳೆದುಹೋಗುತ್ತದೆ. ಜನಸಂದಣಿ ಕಡಿಮೆಯಿರುವ ಆ ಬದಿಗೆ ಇನ್ನೊಂದು ದಿನವನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಈ ಸಲಕ್ಕೆ ಬಿಡಿ. ಹೊರಡುವ ಮುನ್ನ ಯಾವ ದಾರಿ ತೆರೆದಿದೆ ಎಂದೂ ವಿಚಾರಿಸಬೇಕು. 2025ರ ಜುಲೈನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ದಕ್ಷಿಣ ಅಂಚಿನಲ್ಲಿ ಸಾವಿರಾರು ಎಕರೆ ಸುಟ್ಟಿತು, ಉದ್ಯಾನವನ್ನೇ ಮುಚ್ಚಬೇಕಾಯಿತು.

ಇಷ್ಟು ದೂರ ಬಂದು ನೀರು ಮುಟ್ಟದೆ ಹೋಗುವುದೇ ಎನ್ನುವವರು ಅಂಚಿನಿಂದ ಕೆಳಗಿಳಿಯುವ ಕಾಲುದಾರಿಗಳ ಕಡೆ ನೋಡದಿರುವುದು ಒಳ್ಳೆಯದು. ಅವಕ್ಕೆ ಅನುಮತಿ ಚೀಟಿ ಬೇಕು. ಗನ್ನಿಸನ್ ರೂಟ್ ಎಂಬ ಹೆಚ್ಚು ಬಳಕೆಯ ದಾರಿಯಲ್ಲೇ ಒಂದು ಕಡೆ ಸುಮಾರು 24 ಮೀಟರ್ ಸರಪಳಿ ಹಿಡಿದು ಇಳಿಯಬೇಕು. ಕಾರಿನಲ್ಲೇ ನದಿಯವರೆಗೆ ಹೋಗುವ ಈಸ್ಟ್ ಪೋರ್ಟಲ್ ರಸ್ತೆ ಅವರಿಗೆ ಸರಿ. ನೀರಾವರಿಗಾಗಿ ಬೆಟ್ಟ ಕೊರೆದು ತೆಗೆದ, 1909ರಲ್ಲಿ ಅಧ್ಯಕ್ಷ ಟಾಫ್ಟ್ ಉದ್ಘಾಟಿಸಿದ ಗನ್ನಿಸನ್ ಸುರಂಗ ಶುರುವಾಗುವುದೂ ಅಲ್ಲಿಯೇ. ನೂರಕ್ಕೆ ಹದಿನಾರರ ಇಳಿಜಾರು, ಹೇರ್‌ಪಿನ್ ತಿರುವುಗಳು. 22 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಸಿ, ಅದೂ ಅಂಚಿನ ನಡುಹಗಲು ಮುಗಿದ ಮೇಲೆ.