ಲಂಟಾನ: ಕಡಿದರೆ ಸಾಲದು, ಬುಡ ಕೀಳಬೇಕು

ತೊಣ್ಣೂರು ಕೆರೆಯ ಸುತ್ತಣ ಗುಡ್ಡಗಳ ಬುಡದಲ್ಲಿ ನಡೆದುಬಂದ ಸದಸ್ಯ ಬಾಂಧವರಿಗೆ ಹಳದಿ, ಕಿತ್ತಳೆ, ಕೆಂಪು ಹೂಗೊಂಚಲಿನ ಲಂಟಾನದ ಪರಿಚಯ ಮಾಡಿಕೊಡಬೇಕಾಗಿಲ್ಲ. ಗುಡ್ಡದಿಂದ ಬೇಲಿಗೆ, ಬೇಲಿಯಿಂದ ತೋಟದ ಬದುವಿಗೆ ಇಳಿಯುವುದು ಇದರ ಸ್ವಭಾವ.

ಇದು ನಮ್ಮ ನೆಲದ ಗಿಡವಲ್ಲ. ಉಷ್ಣವಲಯದ ಅಮೆರಿಕದಿಂದ 19ನೆಯ ಶತಮಾನದ ಮೊದಲಲ್ಲಿ ಹೂವಿನ ಚೆಲುವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು, ಅಲ್ಲಿಂದ ದೇಶವೆಲ್ಲ ಹಬ್ಬಿತು. ಕೊಡಗಿನಲ್ಲಿ ಪಾಳುಬಿದ್ದ ಕಾಫಿ ತೋಟಗಳನ್ನು ಆ ಶತಮಾನದಲ್ಲೇ ಆವರಿಸಿತು. ಇದನ್ನು ತಿನ್ನಲೆಂದು 1941ರಲ್ಲಿ ಒಂದು ಜಾತಿಯ ತಿಗಣೆಯನ್ನು ಹೊರದೇಶದಿಂದ ತರಿಸಲಾಯಿತು. ಎಲೆ ಉದುರಿದರೂ ಗಿಡ ಮತ್ತೆ ಚಿಗುರಿತು.

ನಮ್ಮ ತಪ್ಪನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಒಂದು ಬೇಸಿಗೆ ಬದುವಿನ ಲಂಟಾನವನ್ನು ಮಚ್ಚಿನಿಂದ ಕಡಿಸಿ, ಸೊಪ್ಪನ್ನು ಕೊಟ್ಟಿಗೆಯ ಪಕ್ಕ ರಾಶಿ ಹಾಕಿಸಿದೆವು. ಮೇವಿಲ್ಲದ ದಿನಗಳು. ಹೊಸದಾಗಿ ಕೊಂಡುತಂದಿದ್ದ ಕಡಸು ಅದನ್ನು ತಿಂದಿತು. ಮೆಲುಕು ನಿಂತಿತು, ಕಣ್ಣು ಹಳದಿಯಾಯಿತು, ಬಿಸಿಲಿಗೆ ಮೂತಿಯ ಚರ್ಮ ಸುಲಿಯಿತು. ಪಶುವೈದ್ಯರು ಬಂದರೂ ಉಳಿಯಲಿಲ್ಲ. ಇದರ ಎಲೆಯ ವಿಷ ಈಲಿಯನ್ನು ಕೆಡಿಸುತ್ತದೆ. ಗಿಡದ ಪರಿಚಯವಿಲ್ಲದ, ಹಸಿದ ದನಕ್ಕೆ ಅಪಾಯ ಹೆಚ್ಚು. ಇತ್ತ ಮಳೆ ಬಿದ್ದೊಡನೆ ಕಡಿದ ಪ್ರತಿ ಬುಡದಿಂದ ಏಳೆಂಟು ಚಿಗುರು ಎದ್ದವು. ಕೊಟ್ಟ ಕೂಲಿಯೂ ನೀರುಪಾಲಾಯಿತು.

ಆದ್ದರಿಂದ ಮಾಡಬೇಕಾದುದು ಇಷ್ಟು. ಕಾಯಿ ಕಟ್ಟುವ ಮುನ್ನ ಬುಡದ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ ಸುಮಾರು 5 ಸೆಂಟಿಮೀಟರ್ ಕೆಳಗೆ ಕತ್ತರಿಸಬೇಕು. ಚಿಗುರುವ ಶಕ್ತಿ ಇರುವುದು ಅದಕ್ಕೆ ಮೇಲಿನ ಭಾಗದಲ್ಲಿ. ಕಿತ್ತ ಗಿಡವನ್ನು ಬೇರು ಮೇಲಾಗಿ ಒಣಗಲು ಬಿಡಬೇಕು. ಬೆಂಕಿ ಹಾಕಿದರೆ ಬುಡ ಸಾಯದು, ಮತ್ತೆ ಚಿಗುರುತ್ತದೆ. ತೆರವಾದ ಜಾಗವನ್ನು ಬರಿದು ಬಿಡದೆ ಮೇವಿನ ಹುಲ್ಲು ಅಥವಾ ಗ್ಲಿರಿಸಿಡಿಯ ಹಾಕಬೇಕು. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುವುದರಿಂದ, ಮರದಡಿಯ ಸಸಿಗಳನ್ನು ಎರಡು ಮೂರು ಮಳೆಗಾಲ ಕೈಯಿಂದ ಕೀಳಲೇಬೇಕು.

ಕಿತ್ತ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ತೆಗೆದು, ಬಾಗಿಸಿ ಕುರ್ಚಿ, ಬುಟ್ಟಿ ಮಾಡಿ ಮಾರಿದ್ದಾರೆ.

ಒಬ್ಬರ ಬದು ಶುದ್ಧವಾಗಿ ನೆರೆಯವರ ಬೇಲಿ ಹೂಬಿಟ್ಟರೆ ಫಲವಿಲ್ಲ. ಅಕ್ಕಪಕ್ಕದ ಸದಸ್ಯರು ಆಳುಕಾಳು ಹಂಚಿಕೊಂಡು, ಒಂದೇ ವಾರದಲ್ಲಿ ಈ ಕೆಲಸ ಮುಗಿಸಬೇಕೆಂದು ಕೋರುತ್ತೇವೆ.