ಙಕಾರದ ದಿನ

ಕಳೆದ ಆಟಿಯಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮುಂಜಾನೆ, ಬೆಳ್ಮಣ್ಣಿನಲ್ಲಿ ಬಸ್ಸಿಳಿದು, ದುರ್ಗಾಪರಮೇಶ್ವರಿಯ ಸನ್ನಿಧಿಗೆ ದೂರದಿಂದಲೇ ಕೈಮುಗಿದು ಚಿಕ್ಕಮ್ಮನ ಮನೆಯ ಮೆಟ್ಟಿಲೇರಿದಾಗ, ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿಯೊಂದು ನನ್ನ ದೃಷ್ಟಿಯನ್ನು ಸೆಳೆಯಿತು. 49 ಚೌಕಗಳು, ಚೌಕಕ್ಕೊಂದು ಅಕ್ಷರ, ಅದರಡಿಯಲ್ಲಿ ಒಂದು ಅಡುಗೆಯ ಹೆಸರು.

ದುಬೈಯಿಂದ ರಜೆಗೆ ಬಂದ ಮೊಮ್ಮಗಳಿಗೆ ಕನ್ನಡ ಕಲಿಸುವಲ್ಲಿ ಸ್ಲೇಟು ಸೋತ ಬಳಿಕ ಚಿಕ್ಕಮ್ಮನಿಗೆ ಹೊಳೆದ ಉಪಾಯವದು: ದಿನಕ್ಕೊಂದು ಅಕ್ಷರ, ಅಕ್ಷರಕ್ಕೊಂದು ಮನೆಯಡುಗೆ. ಅಕಾರಕ್ಕೆ ಅಪ್ಪ, ಆಕಾರಕ್ಕೆ ಆಂಬೊಡೆ, ಒಕಾರಕ್ಕೆ ಒತ್ತುಶ್ಯಾವಿಗೆ, ಓಕಾರಕ್ಕೆ ಓಡುದೋಸೆ. ಈಕಾರಕ್ಕೆ ಈರುಳ್ಳಿ ಬಜೆಯೆಂದು ಯಾರೋ ಸೂಚಿಸಿದರೂ, ನಮ್ಮಲ್ಲಿ ನೀರುಳ್ಳಿಯೇ ಆಗಿರುವುದನ್ನು ಅಕ್ಷರದ ಆಸೆಗೆ ಘಟ್ಟದ ಮೇಲಿನವರಂತೆ ಕರೆಯಲು ಒಪ್ಪದ ಚಿಕ್ಕಮ್ಮ, ಈಂದಿನ ಹುಡಿಯನ್ನು ಎಲ್ಲಿಂದಲೋ ತರಿಸಿ, ಬೆಲ್ಲವನ್ನೂ ತೆಂಗಿನ ಹಾಲನ್ನೂ ಕೂಡಿಸಿ ಮಣ್ಣಿ ಕಾಸಿದ್ದರು. ಇಂಥ ಹಟ ನನಗೆ ಮೆಚ್ಚು. ಆದರೆ ಘಕಾರದಲ್ಲಿ ತುಪ್ಪದನ್ನವನ್ನು 'ಘೃತಾನ್ನ'ವಾಗಿಸಿದ್ದು ನನಗೆ ಹಿಡಿಸಲಿಲ್ಲ. ಮಹಾಪ್ರಾಣಗಳನ್ನು ಹೀಗೆ ಬಲವಂತದಿಂದ ಉಣ್ಣಿಸಿದರೆ ನಾಲಗೆಗೆ ಒಗ್ಗುವುದೇ?

ಕನ್ನಡಕ್ಕೆ ಪಾಕಶಾಸ್ತ್ರವೇನೂ ಹೊಸತಲ್ಲ. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಯ ವಿಚಾರವುಂಟು. 16ನೆಯ ಶತಮಾನದ ಮೂರನೆಯ ಮಂಗರಸನು ಷಟ್ಪದಿಯಲ್ಲಿಯೇ 'ಸೂಪಶಾಸ್ತ್ರ'ವನ್ನು ರಚಿಸಿದನು. ಆತ ಹಿಡಿದದ್ದು ಹಿಟ್ಟು, ಅನ್ನ, ಶಾಕಗಳ ದಾರಿ. ವರ್ಣಮಾಲೆಯ ದಾರಿ ಹಿಡಿದವರಿಗೆ ಇಪ್ಪತ್ತನೆಯ ಹೆಜ್ಜೆಯಲ್ಲಿ ಙಕಾರವು ಎದುರಾಗುತ್ತದೆ; ಅದರಿಂದ ಆರಂಭವಾಗುವ ಪದವೊಂದೂ ನಮ್ಮ ಅಡುಗೆಮನೆಯಲ್ಲಿಲ್ಲ.

ನಾನು ಹೋದದ್ದು ಆ ಇಪ್ಪತ್ತನೆಯ ದಿನವೇ. ಕಡೆಯುವ ಕಲ್ಲಿನ ಮುಂದೆ ಕುಳಿತ ಚಿಕ್ಕಮ್ಮ, ತೆಂಗಿನ ತುರಿಗೆ ಹುರಿದ ಮೆಣಸು, ಕೊತ್ತಂಬರಿ, ಹುಣಸೆಹುಳಿಗಳನ್ನು ಸೇರಿಸಿ ಕಡೆಯುತ್ತಿದ್ದರು. ಪಕ್ಕದ ಲೋಟದಲ್ಲಿ ಇಂಗಿನ ತುಂಡೊಂದು ನೀರಲ್ಲಿ ಕರಗಿ ಹಾಲಿನ ಬಣ್ಣ ತಾಳಿತ್ತು. ಒಲೆಯ ಮೇಲೆ ಸೌತೆಕಾಯಿಯ ಹೋಳು ಬೇಯುತ್ತಿತ್ತು.

"ಅಜ್ಜಿ, ಇದರಲ್ಲಿ ಙ ಎಲ್ಲಿದೆ?"

"ತೆಂಗು ಅನ್ನು. ಅರ್ಧಕ್ಕೆ ನಿಲ್ಲಿಸು ನೋಡುವ."

ಹುಡುಗಿ 'ತೆಂ' ಎಂದು ತಡೆದು ನಿಂತಳು. ನಾಲಗೆಯ ಬುಡ ಮೇಲೆದ್ದು ಅಂಗುಳಿಗೆ ಒತ್ತಿತು. ನಾದವೆಲ್ಲ ಮೂಗಿನೊಳಗೆ ಗುಂಯ್‌ಗುಟ್ಟಿತು. ಸೊನ್ನೆಯ ವೇಷದಲ್ಲಿ ಅಡಗಿದ್ದ ಙಕಾರವದು! ಬಳಿಕ ಇಂಗು, ಬಳಿಕ ನುಂಗು. ಮಗು ಒಂದೊಂದನ್ನೂ ಅರ್ಧಕ್ಕೆ ಹಿಡಿದು ನಿಲ್ಲಿಸಿ ಕೇಕೆ ಹಾಕಿತು. ಕವರ್ಗದ ಹಿಂದೆ ಬರುವ ಅನುಸ್ವಾರವು ಙಕಾರವಾಗಿಯೇ ಉಚ್ಚರಿತವಾಗುವುದೆಂಬುದನ್ನು ನಾನು ಎಳವೆಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಕರಾವಳಿಯ ಯಾವ ಹುಳಿಯೂ ಬಿಟ್ಟಿರಲಾರದ ತೆಂಗಿನೊಳಗೇ ಅದು ಕುಳಿತಿರುವುದನ್ನು ಆ ದಿನದವರೆಗೆ ಕೇಳಿರಲಿಲ್ಲ. ವರ್ಣಮಾಲೆಯಿಂದಲೇ ಜಾರಿಹೋದ ೞಕಾರವೂ ನೆನಪಾಯಿತು. ಅದರಿಂದ ಕೂಡಿದ ಪದಗಳನ್ನು 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅಕ್ಕರೆಯಿಂದ ಆಯ್ದಿಟ್ಟನು. ಅನ್ನವನ್ನು ಹೇಳುತ್ತಿದ್ದ 'ಕೂೞ್' ಈಗ 'ಕೂಳು' ಎಂಬ ಬೈಗುಳಾಗಿ ಉಳಿದಿದೆ. ಆ ಅಕ್ಷರಕ್ಕೂ ಒಂದು ಚೌಕ ಬರೆಯಬೇಕೆಂದು ನಾನು ಹಟ ಹಿಡಿದೆ. 50ನೆಯ ಚೌಕವನ್ನು ಹುಡುಗಿ ಕೆಂಪು ಪೆನ್ಸಿಲಿನಲ್ಲಿ ಗೀರಿದಳು.

ಹುಳಿಗೆ ಇಂಗಿನ ನೀರು ಬಿದ್ದಾಗ ಮನೆಯೆಲ್ಲ ಘಮ್ಮೆಂದಿತು. ಊಟ ಮುಗಿಸಿ ಕೊಡೆ ಬಿಚ್ಚುವಾಗ, ಐದು ದಿನಗಳಾಚೆ ಬರಲಿರುವ ಞಕಾರಕ್ಕೆ ಏನು ಮಾಡುವಿರೆಂದು ಕೇಳಿದೆ. ಚಿಕ್ಕಮ್ಮ ಉತ್ತರಿಸಲಿಲ್ಲ, ರಾತ್ರಿಯ ಗಂಜಿಗಾಗಿ ಮೊರದಲ್ಲಿ ಆರಿಸಿಟ್ಟಿದ್ದ ಕುಚ್ಚಲಕ್ಕಿಯತ್ತ ಕಣ್ಣು ಹಾಯಿಸಿದರು. ಹುಡುಗಿ ಆಗಲೇ 'ಗಂ' ಎಂದು ಬಾಯಿ ತೆರೆದು ನಾಲಗೆಯನ್ನು ಹುಡುಕುತ್ತಿದ್ದಳು.